ಎಂಟನೆಯ ಡಬ್ಬಿ

ನನ್ನ ಕುದುರೆ ಖುಬೆಲು, ಅಂದರೆ ಕೆಂದ.
ಬುಧವಾರಕ್ಕೊಮ್ಮೆ ಅದರ ಬೆನ್ನ ಮೇಲೆ
ಊರೂರಿನ ಕೆಮ್ಮು ಹೇರಿಕೊಂಡು ಬೆಟ್ಟ ಇಳಿಯುತ್ತೇನೆ.
ಮುಚ್ಚಳ ಬಿಗಿದ ಡಬ್ಬಿ, ಡಬ್ಬಿಗೊಂದು ಹೆಸರು,
ಐಸಿನ ಪೆಟ್ಟಿಗೆ.
ಐಸು ಕರಗಬಾರದೆಂದು ನನ್ನ ಕಂಬಳಿ ಅದಕ್ಕೆ,
ನನಗೆ ಬರೀ ಗಾಳಿ.

ಮೊದಮೊದಲು ಹುಡುಗರು ಕೂಗುತ್ತಿದ್ದರು,
ಉಗುಳಿನ ಸಾಹುಕಾರ ಬಂದ!
ಈಗ ಕೂಗುವುದಿಲ್ಲ.
ಕೂಗಿದವರಲ್ಲಿ ಇಬ್ಬರ ಉಗುಳನ್ನು
ಆಮೇಲೆ ನಾನೇ ಹೊತ್ತೆ.

ಕೆಳಗೆ ಪೇಟೆಯಲ್ಲೊಂದು ಯಂತ್ರವಿದೆ.
ಎರಡೇ ತಾಸಿನಲ್ಲಿ ಹೇಳಿಬಿಡುತ್ತದೆ
ಕ್ಷಯ ಹೌದೋ ಅಲ್ಲವೋ,
ಯಾವ ಮದ್ದಿಗೆ ಜಗ್ಗುವುದಿಲ್ಲ ಎಂಬುದನ್ನೂ.
ಎರಡು ತಾಸು!
ಅದರ ಬಾಗಿಲು ಮುಟ್ಟಲು ನನಗೆ ಒಂದೂವರೆ ದಿನ.
ಮುಟ್ಟಿದರೆ ಕರೆಂಟಿಲ್ಲ.
ಕರೆಂಟಿದ್ದರೆ ಒಳಗೆ ಹಾಕುವ ಕಾರ್ಟ್ರಿಜ್ ಇಲ್ಲ,
ಅದಿನ್ನೂ ಹಡಗಿನಲ್ಲಿದೆಯಂತೆ.
ನಮ್ಮ ಲೆಸೊಥೊ ದೇಶಕ್ಕೆ ಸಮುದ್ರವೇ ಇಲ್ಲ.

ಈ ಸಲ ಸೆಂಕು ನದಿ ತುಂಬಿತ್ತು.
ಖುಬೆಲು ಕಲ್ಲು ಜಾರಿ ಮಂಡಿಯೂರಿತು,
ನಾನು ಮುಳುಗಿ ಎದ್ದೆ,
ಪೆಟ್ಟಿಗೆ ಬಾಯಿ ತೆರೆಯಿತು.
ಎಂಟೂ ಡಬ್ಬಿ ಬಾತಿನ ಮರಿಗಳ ಹಾಗೆ
ಸಾಲು ಹಿಡಿದು ಹೊರಟೇಹೋದವು.
ನರ್ಸ್ ಲಿಕೆಲೆಲಿ ಕೇಳಿದರೆ ಏನೆನ್ನಲಿ,
ಪರೀಕ್ಷೆಗೆ ಹೊಳೆಗೇ ಕೊಟ್ಟೆ ಎಂದೇ?

ಅವಳು ಬೈಯಲಿಲ್ಲ. ಮತ್ತೆಂಟು ಡಬ್ಬಿಗೆ ಹೆಸರು ಬರೆದಳು.
ಮತ್ತೆ ಬೆಟ್ಟ ಹತ್ತಿದೆ. ಮನೆಮನೆ.
ತಪ್ಪಾಯಿತು, ಇನ್ನೊಮ್ಮೆ ಕೆಮ್ಮಿಕೊಡಿ.
ಬೆಳಗಿನ ಮೊದಲ ಕೆಮ್ಮು. ಎಂಜಲು ಬೇಡ, ಎದೆಯಾಳದ್ದು.
ಹಿಟ್ಟು ಬೇಡಿದವರು, ಉಪ್ಪು ಬೇಡಿದವರು ಇದ್ದಾರೆ ಲೋಕದಲ್ಲಿ,
ಕಫ ಬೇಡಿದವನು ನಾನೊಬ್ಬನೇ ಇರಬೇಕು.
ಏಳು ಮಂದಿ ಕೊಟ್ಟರು.
ಒಬ್ಬ ಮುದುಕಿ ಮೆಕ್ಕೆಜೋಳದ ಗಂಜಿಯನ್ನೂ ಕೊಟ್ಟು
ಕುದುರೆಗೆ ಬೈದಳು, ನನ್ನನ್ನು ಬಿಟ್ಟು.

ಎಂಟನೆಯವನು ಫಕಿಸೊ.
ಇಪ್ಪತ್ತೆರಡು ವರ್ಷ ಗಡಿಯಾಚೆಯ ಚಿನ್ನದ ಗಣಿಯಲ್ಲಿದ್ದವನು.
ಆ ಊರಿನ ಹೆಸರೇ ವೆಲ್ಕಮ್.
ಬನ್ನಿ ಎಂದಿತು,
ಎದೆಗೆ ಕಲ್ಲಿನ ಹಿಟ್ಟು ತುಂಬಿತು,
ಇನ್ನು ಹೊರಡಿ ಎಂದಿತು.
ಹೋದ ಸಲ ಡಬ್ಬಿ ಕೊಡುವಾಗ ನಕ್ಕಿದ್ದ,
"ಸೋಸಿ ನೋಡು ತಮ್ಮಾ, ಗುಂಜಿಯಷ್ಟು ಬಂಗಾರ ಸಿಕ್ಕೀತು.
ಸಿಕ್ಕರೆ ಅರ್ಧ ನಿನಗೆ."

ಮನೆಯ ಹಿಂದಿನ ಇಳಿಜಾರಲ್ಲಿ ಕಲ್ಲು ಪೇರಿಸಿದ್ದರು,
ಮಣ್ಣಿನ್ನೂ ಹಸಿ.
ಮಾಪುಸೆಲೆತ್ಸೊ ಕಪ್ಪು ಬಟ್ಟೆಯಲ್ಲಿ ಹೊರಬಂದಳು.
ನಾನು ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿದೆ.
ಕೊಡು ಇಲ್ಲಿ, ಅಂದಳು.
ಗೋಡೆಗೆ ತಿರುಗಿ
ಕೆಮ್ಮಿದಳು.
ಆ ಕೆಮ್ಮು ನನಗೆ ಗೊತ್ತಿತ್ತು.
ಗಂಡನ ಕೋಟು ಹೆಂಡತಿ ತೊಟ್ಟ ಹಾಗೆ
ಅವಳಿಗದು ತುಸು ದೊಡ್ಡದಾಗಿತ್ತು, ಅಷ್ಟೆ.

ಡಬ್ಬಿಯ ಮೇಲೆ ಅವನ ಹೆಸರು.
ನನ್ನ ಹತ್ತಿರ ಪೆನ್ನಿರಲಿಲ್ಲ.
ಇದ್ದಿದ್ದರೂ ಅವಳ ಹೆಸರು ಬರೆಯುವಷ್ಟು ಅಕ್ಷರ
ನನ್ನಲ್ಲಿಲ್ಲ.

ಮೂರು ವಾರಕ್ಕೆ ಕಾಗದ ಬಂತು.
ಫಕಿಸೊ, ಗಂಡಸು, ಐವತ್ತೆಂಟು.
ಕ್ಷಯ ಇದೆ. ಸಾಮಾನ್ಯ ಮದ್ದಿಗೆ ಬಗ್ಗದು.
ಲಿಕೆಲೆಲಿ ದೊಡ್ಡ ಪುಸ್ತಕ ತೆರೆದಳು,
ಅವನ ಹೆಸರಿನ ಮೇಲೆ ಆಗಲೇ ಕೆಂಪು ಗೆರೆ.
ಸತ್ತವನಿಗೆ ಮಾತ್ರೆ ಬರೆಯುವ ಹಾಗಿಲ್ಲ,
ಬದುಕಿದವಳಿಗೆ ಕಾಗದವಿಲ್ಲ.
ನಾನು ಆಗ ಬಾಯಿಬಿಟ್ಟೆ.
ಬಹಳ ಹೊತ್ತು ಅವಳು ಕಿಟಕಿಯಾಚೆ ನೋಡಿದಳು.
ಆಮೇಲೆ ಹೊಸ ಡಬ್ಬಿ ತೆಗೆದು ಹೆಸರು ಬರೆಯತೊಡಗಿದಳು.
ಉದ್ದದ ಹೆಸರು,
ಡಬ್ಬಿಯನ್ನು ಸುತ್ತಿ ಬಂದು
ತನ್ನ ಮೊದಲಕ್ಷರಕ್ಕೇ ತಾಗಿತು.

ಬುಧವಾರಕ್ಕೆ ಇನ್ನೂ ಎರಡು ದಿನ.
ಲಾಯದಲ್ಲಿ ಖುಬೆಲು ಮುಂಗಾಲು ಊರುತ್ತಿಲ್ಲ.
ಡಬ್ಬಿಯನ್ನು ಜೇಬಿಗಿಟ್ಟುಕೊಂಡೆ.
ನಡೆದೇ ಹೋಗುತ್ತೇನೆ.
ನದಿ ಇಳಿದಿದೆ ಅನ್ನುತ್ತಾರೆ,
ನಾನಿನ್ನೂ ನೋಡಿಲ್ಲ.